ನನ್ನ ತಲೆ ಕಾಣದೆ ಹೋದ ದಿನ

ಜರ್ಮನಿಯ ನ್ಯೂರೆಂಬರ್ಗ್‌ನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಶುಕ್ರವಾರ ಮಧ್ಯಾಹ್ನ ಕಾರಿನಲ್ಲಿ ಕಾರ್ಲ್ಸ್‌ರುಹೆ ನಗರಕ್ಕೆ ಹೊರಟಿದ್ದೆ. ನಮ್ಮ ವಾರ್ಡಿನ ಫಿಲಿಪೀನ್ಸ್ ನರ್ಸ್ ಮೆರ್ಲಿ ಲಿಫ್ಟಿಗೆ ಅಡ್ಡ ನಿಂತರು. ಮುಖ ಬಿಳಿಚಿಕೊಂಡಿತ್ತು.

“ಡಾಕ್ಟರ್, ಜಾಕೆಟ್ ಬಿಚ್ಚಿ. ಈಗ ನೀವು ನಡೆದು ಬರ್ತಿದ್ದಾಗ ನಿಮಗೆ ತಲೆಯೇ ಇರಲಿಲ್ಲ.”

“ನನ್ನ ಹೆಂಡತಿಯೂ ಅದನ್ನೇ ಹೇಳ್ತಾಳೆ,” ಅಂದೆ.

ಅವರು ನಗಲಿಲ್ಲ. ಅವರ ಊರಲ್ಲಿ ಯಾರದ್ದಾದರೂ ತಲೆ ಕಾಣದಿದ್ದರೆ ಸಾವು ಹತ್ತಿರ ಬಂದಿದೆ ಎಂದು ಅರ್ಥವಂತೆ. ತೊಟ್ಟ ಬಟ್ಟೆಯನ್ನು ಕೂಡಲೇ ಬಿಚ್ಚಿ ಸುಟ್ಟರೆ ಜೀವ ಉಳಿಯುತ್ತದಂತೆ. ಅವರ ಚಿಕ್ಕಪ್ಪ ಈ ಮಾತಿಗೆ ನಕ್ಕು ಸುಮ್ಮನಾಗಿದ್ದರಂತೆ, ವಾರದೊಳಗೆ ಹೋಗಿಬಿಟ್ಟರಂತೆ.

ಪಕ್ಕದಲ್ಲಿದ್ದ ನಮ್ಮ ಜರ್ಮನ್ ಚೀಫ್ ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಲ್ಲಿ ಬಟ್ಟೆ ಸುಡೋದಕ್ಕೂ ಪರ್ಮಿಷನ್ ಬೇಕು!”

“ಹಾಗಾದ್ರೆ ನಮ್ಮ ತೋಟದಲ್ಲಿ ಹೂಳ್ತೀನಿ,” ಎಂದು ಮೆರ್ಲಿ ಕೈ ಚಾಚಿದರು. ಲಿಫ್ಟಿನ ಬಾಗಿಲಿನಿಂದ ಕದಲಲಿಲ್ಲ. ನಾನು ಜಾಕೆಟ್ ಬಿಚ್ಚಿಕೊಟ್ಟೆ.

ಜನವರಿ ಚಳಿಯಲ್ಲಿ ಬರೀ ಅಂಗಿಯಲ್ಲೇ ಹೋಗಿಬಂದೆ. ಸಾವು ಬರಲಿಲ್ಲ, ನೆಗಡಿ ಬಂತು.

ಸೋಮವಾರ ನಾನು ವಾರ್ಡಿಗೆ ಕಾಲಿಟ್ಟಾಗ ಚೀಫ್ ಡಾಕ್ಟರ್ ಮೆರ್ಲಿಯ ಮುಂದೆ ನೆಟ್ಟಗೆ ನಿಂತಿದ್ದರು. ಸುತ್ತ ಯಾರೂ ಇಲ್ಲ ಅಂದುಕೊಂಡು ಮೆಲ್ಲಗೆ ಕೇಳುತ್ತಿದ್ದರು: “ಸಿಸ್ಟರ್, ನನ್ನ ತಲೆ ಕಾಣ್ತಿದೆ ತಾನೇ?”