ಅಮ್ಮನ ಸ್ವರಕ್ಕೆ ನಾನು ಹೇಳಿದ ಓಕೆ

ಬೈಂದೂರಿನ ಒಂದು ಕಾಲೇಜಿನಿಂದ ಫೋನು ಬಂದಿತ್ತು. ಸಿನಿಮಾದಲ್ಲಿ ಕೆಲಸ ಮಾಡಬೇಕೆಂದಿರುವ ಮಕ್ಕಳಿಗೆ ಒಂದು ಗಂಟೆ ಬುದ್ಧಿಮಾತು ಹೇಳಬೇಕಂತೆ. ಹೂಂ ಅಂದುಬಿಟ್ಟೆ. ಅಂದ ಮೇಲೆ ಶುರುವಾಯಿತು ನೋಡಿ ಸಂಕಟ. ಮೂರು ದಿನ ಕೋಡಿಯ ನಮ್ಮ ಮನೆ ಜಗಲಿಯಲ್ಲಿ ಆಚೆಯಿಂದೀಚೆಗೆ ನಡೆದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಚೀಟಿಯಲ್ಲಿ ನಾಲ್ಕು ಸಾಲು ಬರೆದು ಐದನೆಯದಕ್ಕೆ ಹರಿದು ಹಾಕಿದೆ.

ನನ್ನ ಕೆಲಸ ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯುವುದು. ಏಳು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಕೈಕೆಳಗೆ ಬೂಮ್ ಹಿಡಿದವಳು. ಅಂದರೆ ಉದ್ದ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು, ಮಾತಾಡುವವರ ತಲೆಯ ಮೇಲೆ ತೋಳು ಬಿದ್ದುಹೋಗುವವರೆಗೆ ಎತ್ತಿ ನಿಂತವಳು. ಮಕ್ಕಳಿಗೆ ಹೇಳಲು ವಿಷಯವೇನೂ ಕಡಿಮೆಯಿಲ್ಲ. ಸದ್ದು ಮಾಡದ ಚಪ್ಪಲಿ ಹಾಕಿ. ಊಟದ ಹೊತ್ತಿಗೆ ಊಟ ಮಾಡಿ, ಹಸಿದ ಹೊಟ್ಟೆಯ ಗುರುಗುರು ಕೂಡ ರೆಕಾರ್ಡ್ ಆಗುತ್ತದೆ. ಯಾವ ಜಾಗದಲ್ಲಿ ಚಿತ್ರೀಕರಣ ಮುಗಿದರೂ ಎಲ್ಲರನ್ನೂ ಸುಮ್ಮನಿರಿಸಿ ಅಲ್ಲಿನ ಮೌನವನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಇದೆಲ್ಲ ಸರಿ. ಆದರೆ ನಿಜವಾಗಿ ಹೇಳಬೇಕಾದದ್ದು ಒಂದೇ ಒಂದು, ಅದನ್ನು ಬರೆಯಲು ಹೋದಾಗಲೆಲ್ಲ ಕೈ ನಿಲ್ಲುತ್ತಿತ್ತು. ಯಾಕೆಂದರೆ ಅದನ್ನು ಮೊದಲು ಹೇಳಬೇಕಾದದ್ದು ಆ ಮಕ್ಕಳಿಗಲ್ಲ, ಒಳಗೆ ಮೀನಿನ ಹೆಡಿಗೆ ತೊಳೆಯುತ್ತಿದ್ದ ನನ್ನ ಅಮ್ಮನಿಗೆ.

ಅಮ್ಮ ಮೀನು ಮಾರುವವಳು. ಬೆಳಿಗ್ಗೆ ಆ ಬುಟ್ಟಿಯಲ್ಲಿ ಮೀನು ತುಂಬಿಕೊಂಡು ಬಸ್ಸು ಹತ್ತಿ ಹಟ್ಟಿಯಂಗಡಿ ಕಡೆಯ ಮನೆಗಳಿಗೆ ಹೋಗುತ್ತಾಳೆ. ಅವಳ ಸ್ವರ ಎಂಥದ್ದೆಂದರೆ, ಗೇಟಿನ ಹೊರಗೆ ನಿಂತು "ಹ್ವಾಯ್, ಬಂಗ್ಡಿ ಇತ್ತೇ!" ಅಂದರೆ ಮೂರನೆಯ ಮನೆಯ ಬೆಕ್ಕೂ ಎದ್ದು ಬರುತ್ತಿತ್ತು. ಆ ಸ್ವರವೇ ಅವಳ ಅಂಗಡಿಯ ಬೋರ್ಡು.

ನಾನು ಸ್ವತಂತ್ರವಾಗಿ ಕೆಲಸ ಮಾಡಿದ ಮೊದಲ ಸಿನಿಮಾ ನಮ್ಮ ಕಡೆಯದ್ದೇ. ನಿರ್ದೇಶಕರಿಗೆ ಒಂದು ದೃಶ್ಯಕ್ಕೆ ನಿಜವಾದ ಮೀನಿನ ಹೆಂಗಸು ಬೇಕಿತ್ತು. ನಮ್ಮ ಮನೆಗೆ ಊಟಕ್ಕೆ ಬಂದವರು ಅಮ್ಮನನ್ನು ನೋಡಿ, "ಇವರೇ ಆಗಬೇಕು" ಅಂತ ಹಟ ಹಿಡಿದರು.

"ನನ್ ಮೋರೆ ಕಾಂಬುಕೆ ಜನ ಟಿಕೇಟ್ ತಕಂತ್ರಾ? ಮಂಡೆ ಸಮ ಇತ್ತಾ ನಿಮ್ಗೆ?" ಅಂದಳು ಅಮ್ಮ. ಆದರೆ ಮಾರನೆಯ ದಿನ ಹೊಸ ಸೀರೆಗೆ ಫಾಲ್ ಹೊಲಿಸಲು ಕೊಟ್ಟಳು. ಹಳೆಯ ಸೀರೆಯೇ ಬೇಕು ಅಂದಾಗ ಒಂದು ದಿನವಿಡೀ ನನ್ನ ಹತ್ತಿರ ಮಾತಾಡಲಿಲ್ಲ.

ದೃಶ್ಯ ಇಷ್ಟೇ. ಮೀನಿನ ಹೆಂಗಸು ಮೂವತ್ತು ವರ್ಷದಿಂದ ಬರುವ ಮನೆಗೆ ಎಂದಿನಂತೆ ಬಂದು ಕೂಗುತ್ತಾಳೆ. ಮನೆಯ ಹಿರಿಯಮ್ಮ ತೀರಿಕೊಂಡಿದ್ದು ಅವಳಿಗೆ ಗೊತ್ತಿಲ್ಲ. ಸೊಸೆ ಹೊರಗೆ ಬಂದು ಹೇಳುತ್ತಾಳೆ. ಆಗ ಇವಳು "ಅಯ್ಯೋ ದೇವರೇ" ಅಂತ ಅಳಬೇಕು.

ಅಮ್ಮ ಅದನ್ನು ಕೇಳಿ ಮೂಗು ಮುರಿದಳು. "ಹಾಂಗ್ ಕೂಡ್ಲೆ ಯಾರ್ ಅಳ್ತ್ರ್? ಹೆಡ್ಗಿ ಇನ್ನೂ ತಲಿ ಮೇಲೆ ಇರತ್ತ್."

ಯಡ್ತರೆಯ ಒಂದು ಹಳೆಯ ಮನೆಯ ಅಂಗಳದಲ್ಲಿ ಚಿತ್ರೀಕರಣ. ಮನೆ, ಅಂಗಳ, ತೆಂಗಿನ ಮರ ಎಲ್ಲವೂ ಕ್ಯಾಮೆರಾಕ್ಕೆ ಬೇಕಿತ್ತು, ಹಾಗಾಗಿ ಬೂಮ್ ಹತ್ತಿರ ತರುವ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಕಲಿತ ಹಾಗೆ ಅಮ್ಮನ ಎದೆಯ ಹತ್ತಿರ, ಸೆರಗಿನ ಕೆಳಗೆ ಗುಂಡಿಯಷ್ಟು ಸಣ್ಣ ಮೈಕು ಅಂಟಿಸಿದೆ. ಅಮ್ಮ ಕಚಗುಳಿಯಾಗಿ ನಕ್ಕಳು.

ಕ್ಯಾಮೆರಾ ಓಡಿತು. ಅಮ್ಮ ಕೂಗಿದಳು. ಸೊಸೆಯ ಪಾತ್ರದವಳು ಬಂದು ಹೇಳಿದಳು. ಅಮ್ಮ ಹೆಡಿಗೆ ಇಳಿಸಿದಳು. ಸೆರಗು ಎಳೆದು ಎರಡೂ ಕೈ ಒರೆಸಿಕೊಂಡಳು. ಹೆಡಿಗೆಯ ಮೂಲೆಯಲ್ಲಿ ಬೇರೆಯಾಗಿ ಬಾಳೆಲೆಯಲ್ಲಿ ಸುತ್ತಿಟ್ಟ ಎರಡು ಬಂಗುಡೆ ತೆಗೆದು, ಅದನ್ನೇ ನೋಡುತ್ತ, ಸಣ್ಣ ಸ್ವರದಲ್ಲಿ ಕೇಳಿದಳು.

"ಹಾಂಗಾರೆ ಇವತ್ತ್ ಇದನ್ನ್ ಯಾರಿಗೆ ತಂದದ್ ನಾನ್?"

ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಲೈಟಿನ ಹುಡುಗರು ಚಪ್ಪಾಳೆ ಹೊಡೆದರು. ಆದರೆ ನನ್ನ ಹೆಡ್‌ಫೋನಿನಲ್ಲಿ ಆ ಮಾತಿನ ಉದ್ದಕ್ಕೂ ಚರ್‌ಚರ್, ಚರ್‌ಚರ್. ಕೈ ಒರೆಸಲು ಎಳೆದ ಸೆರಗು ಜಾರಿ ಮೈಕಿಗೆ ಉಜ್ಜುತ್ತಲೇ ಇದ್ದ ಸದ್ದು.

ಎಷ್ಟು ಸಿಟ್ಟು ಬಂತು, ಅದೂ ನನ್ನ ಮೇಲೇ! ಹುಟ್ಟಿದಾಗಿನಿಂದ ನೋಡಿದ್ದೇನೆ, ಅಮ್ಮ ಹೆಡಿಗೆ ಇಳಿಸಿದ ಕೂಡಲೇ ಸೆರಗಿಗೆ ಕೈ ಒರೆಸುತ್ತಾಳೆ. ಒದ್ದೆ ಕೈಯಲ್ಲಿ ಇನ್ನೊಬ್ಬರ ಅಂಗಳದಲ್ಲಿ ನಿಲ್ಲುವವಳಲ್ಲ ಅವಳು. ಮೈಕಿನ ಕಂಪನಿ, ಮಾಡೆಲ್ಲು, ಬ್ಯಾಟರಿ ಎಲ್ಲ ಬಾಯಿಪಾಠ ಇದ್ದ ನನಗೆ ನನ್ನ ಅಮ್ಮನ ಕೈ ಮರೆತುಹೋಗಿತ್ತು. ಮೈಕನ್ನು ಹೆಡಿಗೆ ಕೂರಿಸಲು ತಲೆಯ ಮೇಲೆ ಸುತ್ತಿದ ಬಟ್ಟೆಯ ಸಿಂಬಿಯಲ್ಲಿ ಸಿಕ್ಕಿಸಿದ್ದರೆ ಮುಗಿಯುತ್ತಿತ್ತು.

"ಸೌಂಡ್ ಓಕೆನಾ?" ಅಸೋಸಿಯೇಟ್ ನಿರ್ದೇಶಕ ಕೂಗಿದ. ಬಿಸಿಲು ಇಳಿಯುತ್ತಿತ್ತು, ಇನ್ನೂ ಎರಡು ಶಾಟ್ ಬಾಕಿ. ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನೊಂದು ಟೇಕ್ ಕೇಳಿದರೆ ಅಮ್ಮನಿಗಾಗಿ ಕೇಳಿದಳು ಅನ್ನುತ್ತಾರೆ, ಮೊದಲ ಸಿನಿಮಾದಲ್ಲೇ ಕಿರಿಕ್ ಅನ್ನುತ್ತಾರೆ. ಹೇಗೂ ಆಮೇಲೆ ಸ್ಟುಡಿಯೋದಲ್ಲಿ ಸದ್ದು ತೆಗೆಯಬಹುದು, ನೋಡಿಕೊಳ್ಳೋಣ. ಈ "ಆಮೇಲೆ ನೋಡಿಕೊಳ್ಳೋಣ" ಎಷ್ಟು ಸಿನಿಮಾ ಹಾಳು ಮಾಡಿದೆಯೋ ದೇವರಿಗೇ ಗೊತ್ತು.

"ಓಕೆ," ಅಂದೆ.

ಕಡೇ ಪಕ್ಷ ಕ್ಯಾಮೆರಾ ಇಲ್ಲದೆ, ಅಲ್ಲೇ, ಅದೇ ಅಂಗಳದಲ್ಲಿ, ಅವಳ ಕೈಯಲ್ಲಿ ಆ ಬಂಗುಡೆ ಇರುವಾಗಲೇ ಆ ಒಂದು ಮಾತನ್ನು ಮತ್ತೆ ಹೇಳಿಸಿ ಹಿಡಿದಿಟ್ಟುಕೊಳ್ಳಬಹುದಿತ್ತು. ಎರಡು ನಿಮಿಷದ ಕೆಲಸ. ಅದೂ ಮಾಡಲಿಲ್ಲ.

ಆ ಚರ್‌ಚರ್ ಹೋಗಲಿಲ್ಲ. ಅದನ್ನು ತೆಗೆಯಲು ಹೋದರೆ ಅಮ್ಮನ ಸ್ವರವೂ ಜೊತೆಗೇ ಹೋಗುತ್ತಿತ್ತು. ಕೊನೆಗೆ ಡಬ್ಬಿಂಗ್ ಅಂತ ಆಯಿತು. ಬ್ರಹ್ಮಾವರದಲ್ಲಿ, ಭಜನೆ ಮತ್ತು ಚುನಾವಣೆಯ ಪ್ರಚಾರ ರೆಕಾರ್ಡ್ ಮಾಡುವ ಒಂದು ಸಣ್ಣ ಸ್ಟುಡಿಯೋಕ್ಕೆ ಅಮ್ಮನನ್ನು ಕರೆದುಕೊಂಡು ಹೋದೆ. ಕಿಟಕಿಯಿಲ್ಲದ ಕೋಣೆ, ಎದುರಿಗೆ ಪರದೆ, ಪರದೆಯ ಮೇಲೆ ಅವಳದೇ ಬಾಯಿ. ತುಟಿಗೆ ಸರಿಯಾಗಿ ಮಾತು ಕೂರಿಸಬೇಕು. ಹತ್ತು ಸಲ, ಹದಿನೈದು ಸಲ ಹೇಳಿಸಿದೆವು. ಒಮ್ಮೆ ಮೊದಲೇ ಹೇಳಿದಳು, ಒಮ್ಮೆ ತಡವಾಯಿತು, ಒಮ್ಮೆ ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗಾಯಿತು. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಸತ್ತ ಸುದ್ದಿ ಎಷ್ಟ್ ಸಲ ಕೇಂಬುದ್ ಹೆಣ್ಣೇ? ಒಂದ್ ಸಲ ಕೇಂಡಾಯ್ತಲೆ."

ಬೇರೊಬ್ಬ ಕಲಾವಿದೆ ಬಂದು ಅರ್ಧ ಗಂಟೆಯಲ್ಲಿ ಮುಗಿಸಿದರು. ಅವರದ್ದು ಚೆಂದದ ಸ್ವರ, ತಪ್ಪಿಲ್ಲದ ಕೆಲಸ. "ಹಾಗಾದರೆ ಇವತ್ತು ಇದನ್ನು ಯಾರಿಗೆ ತಂದೆ ನಾನು?" ಅಂತ ಸ್ಪಷ್ಟವಾಗಿ, ನ್ಯೂಸ್ ಓದಿದ ಹಾಗೆ.

ಕುಂದಾಪುರದಲ್ಲಿ ಸಿನಿಮಾ ತೋರಿಸಿದಾಗ ಅಮ್ಮನ ಜೊತೆ ಮೀನು ಮಾರುವ ಹೆಂಗಸರೆಲ್ಲ ಬಂದಿದ್ದರು. ಪರದೆಯ ಮೇಲೆ ಅಮ್ಮ ಬಾಯಿ ತೆರೆದಾಗ ಯಾರೋ ಹಿಂದಿನಿಂದ ಅಂದರು, "ಅದ್ ನಿನ್ ಸ್ವರ ಅಲ್ದಲೆ!" ಒಂದಷ್ಟು ಜನ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬರುವಾಗ ರಿಕ್ಷಾದಲ್ಲಿ ಕೇಳಿದಳು, "ನನ್ ಸ್ವರ ಸಮ ಇಲ್ಲೆ, ಅಲ್ದಾ?"

ಅಲ್ಲ, ತಪ್ಪು ನನ್ನದು ಅನ್ನಬೇಕಿತ್ತು. "ಸಿನಿಮಾದಲ್ಲಿ ಹಾಗೆಲ್ಲ ಬದಲು ಮಾಡುತ್ತಾರಮ್ಮ, ಬಿಡು," ಅಂದೆ. ಥೂ, ಎಂಥ ಹೇಡಿ ನಾನು!

ಸಿನಿಮಾ ಬಂದು ಎರಡು ವರ್ಷವಾಗುತ್ತ ಬಂದಾಗ ಒಂದು ದಿನ ಹಟ್ಟಿಯಂಗಡಿಯ ಅವಳ ಗಿರಾಕಿಯೊಬ್ಬರು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ನಿಮ್ ಅಬ್ಬಿ ಈಗ ಕೂಗುದೇ ಇಲ್ಲೆ ಕಾಣಿ. ಬೆಲ್ ಹೊಡೂದ್. ನಾನ್ ಕೊರಿಯರಿನವ್ರ್ ಅಂದ್ಕಂಡ್ ಬಾಗ್ಲ್ ತೆಗಿತೆ, ಕಂಡ್ರೆ ಬಂಗ್ಡಿ!" ಅಂತ ನಕ್ಕರು. ನಾನೂ ನಕ್ಕೆ. ವಯಸ್ಸಾಯಿತು, ಗಂಟಲಿಗೆ ಒಳ್ಳೆಯದೇ ಆಯಿತು ಅಂದುಕೊಂಡೆ. ಅಂದುಕೊಂಡದ್ದಷ್ಟೆ. ಆವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ಕಾಲೇಜಿಗೆ ಹೋಗುವ ದಿನ ಬೆಳಿಗ್ಗೆ ಮತ್ತೆ ಜಗಲಿಯಲ್ಲಿ ಚೀಟಿ ಹಿಡಿದು ನಡೆಯುತ್ತಿದ್ದೆ. ಅಮ್ಮ ಹೆಡಿಗೆಗೆ ಮೀನು ತುಂಬಿಸುತ್ತ, ತಲೆ ಎತ್ತದೆ ಅಂದಳು, "ಆ ಮಕ್ಕಳಿಗೆ ಹೇಳ್, ಸಿನಿಮಾಕ್ಕೆ ಸ್ವರ ಚೆಂದ ಇರ್ಕ್ ಅಂದ್. ನನ್ ಕಣಂಗೆ ಆಪುಕಾಗ." ತನ್ನ ಹಾಗೆ ಇರಬಾರದಂತೆ!

ಚೀಟಿ ಮಡಚಿ ಒಳಗೆ ಓಡಿದೆ. ಹಳೆಯ ಹಾರ್ಡ್ ಡಿಸ್ಕ್ ಹುಡುಕಿ, ಆ ಟೇಕ್ ತೆಗೆದು, ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದೆ. ಮೀನಿನ ಕೈ ಗಾಳಿಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಆ ಚರ್‌ಚರ್ ಎಂತದ್?"

"ನಿನ್ನ ಸೆರಗು. ನಾನು ಮೈಕು ತಪ್ಪು ಜಾಗದಲ್ಲಿ ಇಟ್ಟಿದ್ದೆ. ಸದ್ದು ನನಗೆ ಆಗಲೇ ಕೇಳಿತ್ತು, ಆದರೂ ಸರಿ ಇದೆ ಅಂದೆ. ನಿನ್ನ ಸ್ವರದ್ದು ಏನೂ ತಪ್ಪಿರಲಿಲ್ಲಮ್ಮ."

ಅವಳು ಇನ್ನೊಮ್ಮೆ ಹಾಕು ಅಂತ ಸನ್ನೆ ಮಾಡಿದಳು. ಹಾಕಿದೆ. ಕೇಳಿ ಮುಗಿದ ಮೇಲೆ ಹೆಡ್‌ಫೋನ್ ನಾನೇ ತೆಗೆದೆ.

"ಸಮ ಇಲ್ಲೆ ಅಂಬುಕೆ ನಿಂಗ್ ಬಾಯ್ ಇರ್ಲಿಲ್ಯಾ?" ಅಂದಳು. ಆಮೇಲೆ ಹೆಡಿಗೆಯ ಮೀನು ಸರಿಸುತ್ತ, "ಎರ್ಡ್ ವರ್ಷ ಬೆಲ್ ಹೊಡ್ದೆ ಅಲ್ದಾ ನಾನ್."

ನನಗೆ ಅಳು ಬಂತು. ತಪ್ಪಾಯಿತು ಅಂದೆ. ಹೋಗಲಿ ಬಿಡು ಅನ್ನಲಿಲ್ಲ ಅವಳು. ಸೆರಗಿಗೆ ಕೈ ಒರೆಸಿ, ಸಿಂಬಿ ಸುತ್ತಿ, "ಬಸ್ಸಿಗೆ ಹೊತ್ತಾಯ್ತ್," ಅಂದಳು.

ಬೈಂದೂರಿನ ಬಸ್ಸಿನಲ್ಲಿ ಹಟ್ಟಿಯಂಗಡಿಯ ತಿರುವಿನವರೆಗೂ ಒಟ್ಟಿಗೇ ಹೋದೆವು. ಅವಳು ಕಿಟಕಿಯ ಹತ್ತಿರ, ನಾನು ಪಕ್ಕದಲ್ಲಿ, ಹೆಡಿಗೆ ಹಿಂದಿನ ಬಾಗಿಲ ಬಳಿ. ನಾನು ಚೀಟಿಯನ್ನು ತೆರೆದೆ, ಮಡಚಿದೆ, ತೆರೆದೆ. ತಿರುವು ಬಂತು. ಅವಳು ಮುಂದಿನ ಬಾಗಿಲಿನಿಂದ ಇಳಿದಳು. ಹೆಡಿಗೆ ಇಳಿಸುವ ಮೊದಲೇ ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ಹೊರಟಿತು, ಡ್ರೈವರ್ ಒಂದು ಉದ್ದ ಹಾರ್ನ್ ಬೇರೆ ಬಾರಿಸಿದ. ನಾನು ಏಳುವಷ್ಟರಲ್ಲಿ ಹೊರಗಿನಿಂದ, ಆ ಹಾರ್ನನ್ನೂ ಮೀರಿ, ಬಂತು.

"ಹ್ವಾಯ್! ಹೆಡ್ಗಿ ಇಳ್ಸಿ ಮಾರಾಯ್ರೆ!"

ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ನಿಂತವರೆಲ್ಲ ಮುಂದಕ್ಕೆ ವಾಲಿದರು. ಎದುರು ಸೀಟಿನ ಹುಡುಗಿ ಕಿವಿಯಿಂದ ಇಯರ್‌ಫೋನ್ ಕಿತ್ತು ತಿರುಗಿ ನೋಡಿದಳು.

"ಅಬ್ಬಾ, ಯಾರದ್ ಆ ಸ್ವರ?"

"ನನ್ನ ಅಮ್ಮನದು," ಅಂದೆ, ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ.