ವಿಡಿಯೊದಲ್ಲಿ ಇಲ್ಲದ ಕೆಮ್ಮು

‘ಸರ, ಇವ್ರ ಕೆಮ್ಮ ಎಲ್ಲಿ ಹೋತ್ರಿ?’ ಟಿ.ವಿ.ಯಲ್ಲಿ ಗಂಡನನ್ನು ನೋಡುತ್ತ ಯಲ್ಲವ್ವ ಕೇಳಿದರು.

ಎಂಬತ್ತರ ದಶಕದ ಕೊನೆ. ಇಳಕಲ್ಲಿನ ಕಲ್ಲುಗಣಿ ಕಾರ್ಮಿಕರ ಸಂಘಕ್ಕೆ ಚಿತ್ರ ಮಾಡುತ್ತಲೇ ನಾನು ವಿಡಿಯೊ ಕಲಿಯುತ್ತಿದ್ದೆ. ದೂಳಿನಿಂದ ಎದೆ ಕೆಟ್ಟವರಿಗೆ ಪರಿಹಾರ ಕೇಳಲು ಅಧಿಕಾರಿಗಳಿಗೆ ತೋರಿಸಬೇಕಾದ ಚಿತ್ರವದು. ಮಾತು ಸ್ಪಷ್ಟವಾಗಿರಲೆಂದು, ಯಲ್ಲವ್ವನ ಗಂಡ ಕೆಮ್ಮಿದಾಗಲೆಲ್ಲ ಕ್ಯಾಮೆರಾ ನಿಲ್ಲಿಸಿದ್ದೆ.

‘ಹಿಂಗ ಗಟ್ಟಿ ಕಂಡ್ರ ಸಾಹೇಬ್ರು ನಾಳಿಂದ ಕೆಲಸಕ್ಕ ಹೋಗು ಅಂತಾರ್ರಿ,’ ಎಂದರು ಯಲ್ಲವ್ವ. ಪಕ್ಕದಲ್ಲಿದ್ದ ಗಂಡ ನಕ್ಕರು. ಆ ನಗುವೇ ಕೆಮ್ಮಾಗಿ, ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಮತ್ತೆ ಚಿತ್ರೀಕರಿಸಲು ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಕ್ಯಾಸೆಟ್ಟಿನ ಕೊನೆಯಲ್ಲಿ ಅವರು ತುಟಿ ಬಿಗಿಹಿಡಿದು ಕೆಮ್ಮು ತಡೆಯುತ್ತಾರೆ, ಕಣ್ಣಲ್ಲಿ ನೀರಿದೆ. ತಡೆದುಕೊಳ್ಳಿ ಎಂದು ನಾನು ಹೇಳಿದ್ದೆನೇ? ಇಲ್ಲವೆಂದೇ ನನ್ನ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ.