ಸೋಮವಾರ ಹೂಡದ ಎತ್ತುಗಳು

ಮುದ್ದೇಬಿಹಾಳದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ, ಮದುವೆಯ ವಿಡಿಯೊ ಕ್ಯಾಸೆಟ್‌ಗಳಿಗೆ ಮಿಕ್ಸಿಂಗ್ ಮಾಡುವ ಕೋಣೆಯಿತ್ತು. ಚಿತ್ರಕಲೆ ಓದಿದ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿದ್ದು ಅಲ್ಲಿಗೆ. ವಧುವಿನ ಮುಖದ ಸುತ್ತ ಕಮಲ ಅರಳಿಸುವುದು, ವರನ ತಲೆಯ ಮೇಲೆ ಹೂವು ಸುರಿಸುವುದು, ಇಬ್ಬರನ್ನೂ ಒಂದೇ ಹೃದಯದೊಳಗೆ ಕೂಡಿಸಿ ಗರಗರ ತಿರುಗಿಸುವುದು ನನ್ನ ಕಸುಬು. ಇಂಡಿ ತಾಲೂಕಿನ ಮದುವೆಗೂ ಅದೇ ಕಮಲ, ಸಿಂದಗಿಯ ಮದುವೆಗೂ ಅದೇ ಕಮಲ. ಕಮಲವೆಂದರೆ ನನಗೆ ಇವತ್ತಿಗೂ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ ಬೇಸರ ತಡೆಯಲಾರದೆ, ಬೀಗರ ಊಟದ ಪಂಕ್ತಿ ಓಡುತ್ತಿದ್ದ ಟೇಪನ್ನು ನಿಲ್ಲಿಸಿದೆ. ಟಿ.ವಿ. ಗಾಜಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಬ್ಬ ಹಿರಿಯರ ಎಲೆಯ ಪಕ್ಕ ಸ್ಕೆಚ್ ಪೆನ್ನಿನಿಂದ ಗುಬ್ಬಿಯೊಂದನ್ನು ಬರೆದೆ. ಟೇಪನ್ನು ಚೂರು ಮುಂದೆ ಸರಿಸಿ ಇನ್ನೊಂದು ಹಾಳೆ, ಇನ್ನೊಂದು ಗುಬ್ಬಿ. ಹೀಗೆ ಸಂಜೆಯವರೆಗೆ ಬರೆದು, ಎಲ್ಲವನ್ನೂ ಗಾಜಿನ ಮೇಲಿಂದಲೇ ಕ್ಯಾಮೆರಾದಲ್ಲಿ ಹಿಡಿದು ಓಡಿಸಿದೆ. ಗುಬ್ಬಿ ಹೋಳಿಗೆಯ ಕಡೆ ಕುಪ್ಪಳಿಸಿತು. ಅಷ್ಟರಲ್ಲಿ ಆ ಹಿರಿಯರು ಕೈ ಬೀಸಿದರು. ಅವರು ಮದುವೆಯಲ್ಲಿ ಬೀಸಿದ್ದು ನೊಣ ಓಡಿಸಲು. ಟಿ.ವಿ.ಯಲ್ಲಿ ಮಾತ್ರ ನನ್ನ ಗುಬ್ಬಿಯನ್ನೇ ಓಡಿಸಿದಂತೆ ಕಂಡಿತು.

ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಇಲ್ಲದ ಗುಬ್ಬಿಯನ್ನು ಇರುವ ಕೈ ಓಡಿಸಿತೆಂದರೆ, ಯಾವುದು ಯಾವುದನ್ನು ನಿಜ ಮಾಡಿತು? ಆ ಪ್ರಶ್ನೆ ತಲೆ ಹೊಕ್ಕಿದ್ದು ಇಂದಿಗೂ ಹೊರಬಿದ್ದಿಲ್ಲ. ಮಿಕ್ಸಿಂಗ್ ಕೋಣೆಯ ಮಾಲೀಕರನ್ನು ಕರೆದು ತೋರಿಸಿದೆ. ಅವರು ಎರಡು ಸಲ ನೋಡಿ, "ಛಲೋ ಐತ್ರಿ. ಆದ್ರ ಗುಬ್ಬಿ ಎಲಿ ಮುಟ್ಟಿ ಎಂಜಲಾ ಮಾಡ್ತು ಅಂತ ಬೀಗರು ಜಗಳಾ ತಗೀತಾರ. ತಗದ ಬಿಡ್ರಿ" ಅಂದರು. ಗುಬ್ಬಿ ಹೋಯಿತು, ಕಮಲ ಬಂತು.

ಆದರೂ ಹಾಳೆಗಳನ್ನು ಬಿಸಾಡಲಿಲ್ಲ. ಮುಂದೆ ಕಂಪ್ಯೂಟರ್ ಬಂತು, ಗಾಜಿಗೆ ಅಂಟಿಸುವ ಕಷ್ಟ ತಪ್ಪಿತು. ಬರೆದದ್ದನ್ನೂ ಚಿತ್ರೀಕರಿಸಿದ್ದನ್ನೂ ಒಂದೇ ತೆರೆಯಲ್ಲಿ ಸೇರಿಸುವ ಕೆಲಸ ಮಾಡುತ್ತಿದ್ದವರೊಬ್ಬರು ಹುಬ್ಬಳ್ಳಿಯಲ್ಲಿ ಸಿಕ್ಕರು. ನನ್ನ ಮಾತನ್ನೆಲ್ಲ ಕೇಳಿ, "ಮಾತು ಸಾಕು. ಒಂದು ಸಣ್ಣ ಚಿತ್ರ ಪೂರ್ತಿ ಮಾಡಿ ತೋರಿಸಿ, ಕೆಲಸ ಕೊಡ್ತೀನಿ" ಅಂದರು. ಮುಗಿಸಿದರೆ ಹುಬ್ಬಳ್ಳಿ, ಇಲ್ಲದಿದ್ದರೆ ಮತ್ತೆ ಕಮಲ. ಇಷ್ಟು ಸರಳವಾಗಿತ್ತು ನನ್ನ ಲೆಕ್ಕ.

ಚಿತ್ರಕ್ಕೆ ನಾನು ಹಿಡಿದದ್ದು ನನ್ನ ಸೋದರಮಾವನನ್ನು. ಬಸವನ ಬಾಗೇವಾಡಿಯಿಂದ ಸ್ವಲ್ಪ ಒಳಗೆ ಅವರ ಊರು, ಕಪ್ಪು ಮಣ್ಣಿನ ಎರೆ ಹೊಲ. ಹಿಂದಿನ ವರ್ಷ ಮಗ ಟ್ರ್ಯಾಕ್ಟರ್ ತಂದು, ಎತ್ತಿನ ಜೋಡಿಯನ್ನು ಸಂತೆಯಲ್ಲಿ ಮಾರಿದ್ದ.  ಈಗ ಮಾಮಾ ಬೆಳಿಗ್ಗೆ ಹೊಲಕ್ಕೆ ಹೋಗಿ, ಬದುವಿನ ಮೇಲೆ ಕೂತು, ಬಿಸಿಲೇರಿದ ಮೇಲೆ ಬರುತ್ತಿದ್ದರು. ನನ್ನ ಯೋಚನೆಯಲ್ಲಿ ಹೊಲ ನಿಜ, ಮಾಮಾ ನಿಜ, ಬಿತ್ತುವ ಮೊದಲು ಮಣ್ಣು ಹರಗುವ ಕುಂಟಿಯೂ ನಿಜ. ಎತ್ತುಗಳು ಮಾತ್ರ ನಾನು ಬರೆದವು. ನೊಗಕ್ಕೆ ಎತ್ತಿನ ಬದಲು ಇಬ್ಬರು ಆಳುಗಳು ಹೆಗಲು ಕೊಟ್ಟು ಎಳೆಯುತ್ತಾರೆ. ಆಮೇಲೆ ಅವರ ಮೇಲೆ ಎತ್ತು ಬರೆದು ಅವರನ್ನು ಮುಚ್ಚಿಬಿಡುತ್ತೇನೆ.

ಮಿಕ್ಸಿಂಗ್ ಕೋಣೆಯ ಕ್ಯಾಮೆರಾ ಎರವಲು ಸಿಕ್ಕಿತು. "ಸೋಮವಾರ ಸಂಜಿಗೆ ವಾಪಸ್ ಬರಬೇಕ್ರಿ. ಮಂಗಳವಾರದಿಂದ ಲಗ್ನಾ ಸುರು" ಎಂದಿದ್ದರು ಮಾಲೀಕರು. ಲಗ್ನಗಳು ಮುಗಿಯುವ ಹೊತ್ತಿಗೆ ಮಳೆಯಾಗಿ ಹೊಲ ಬಿತ್ತಿರುತ್ತಾರೆ. ಶನಿವಾರ ಹೊಲದಲ್ಲಿ ಸುಂಟರಗಾಳಿಯ ಧೂಳಿಗೆ ಎದುರಿಗಿದ್ದ ಮಾಮಾನೇ ಕಾಣಲಿಲ್ಲ. ಭಾನುವಾರವಿಡೀ ಕರೆಂಟ್ ಇಲ್ಲದೆ ಬ್ಯಾಟರಿ ಚಾರ್ಜ್ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಗಾಳಿ ನಿಂತಿತ್ತು, ರಾತ್ರಿ ಬಂದ ಕರೆಂಟಿಗೆ ಬ್ಯಾಟರಿ ತುಂಬಿತ್ತು, ಆಳುಗಳೂ ಬಂದಿದ್ದರು. ಮಾಮಾ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ.

"ಇವತ್ತ ಸೋಮವಾರ ಐತಲ್ಲವಾ. ಬಸವಣ್ಣನ ವಾರ. ಎತ್ತ ಹೂಡಂಗಿಲ್ಲ."

"ಮಾಮಾ, ಎತ್ತ ಎಲ್ಲದಾವ್ರಿ? ಎಳಿಯಾವ್ರು ಮನಶ್ಯಾರು."

"ಆಮ್ಯಾಲ ನೀ ಎತ್ತ ತೋರಸ್ತಿಯಲ್ಲ."

"ಅವು ಗೆರಿರೀ. ಪೆನ್ನಿಲೆ ಬರದ ಗೆರಿ."

"ಗೆರಿ ಆಗ್ಲಿ. ನೊಗದಾಗ ಕೊಳ್ಳ ಕೊಟ್ಟಿರತಾವೊ ಇಲ್ಲೊ?"

ಸಿಟ್ಟು ನೆತ್ತಿಗೇರಿತು. ಸೋಮವಾರ ಶೂಟ್ ಮಾಡಿದ್ದು ನೋಡುವವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಮಂದಿಗೆ ಗೊತ್ತಾಗಂಗಿಲ್ಲ. ಹೂಡಿದಾಂವ ನಾ, ನನಗ ಗೊತ್ತಿರತೈತಿ" ಅಂದರು. ಅವರ ದನಿ ಏರಲೂ ಇಲ್ಲ. ಆಳುಗಳ ಕಡೆ ನೋಡಿದೆ. ಅವರು ಆಗಲೇ ಮಾಮಾನ ಮಾತಿಗೆ ಹೌದೆಂದು ತಲೆಯಾಡಿಸುತ್ತಿದ್ದರು. ನನ್ನ ಹುಬ್ಬಳ್ಳಿ ಕಣ್ಣೆದುರೇ ಕೈ ಜಾರುತ್ತಿತ್ತು. ಸಿಟ್ಟಿನ ಒಳಗೇ ಇನ್ನೊಂದು ಸೋಜಿಗವೂ ಕುಟುಕುತ್ತಿತ್ತು. ಇನ್ನೂ ಬರೆಯದ ಎತ್ತಿಗೆ ರಜೆ ಕೊಡುವ ಮನುಷ್ಯನ ತಲೆಯಲ್ಲಿ ಅವು ಎಲ್ಲಿ ನಿಂತಿರಬಹುದು?

ಒಳಗಿಂದ ಅತ್ತೆ ಚಹಾ ತಂದರು. ವಾದವೆಲ್ಲ ಅವರ ಕಿವಿಗೆ ಬಿದ್ದಿತ್ತು. "ಹೂಡಬ್ಯಾಡ್ರಿ ಹಂಗಾರ. ಸೋಮವಾರ ಎತ್ತಿನ ಮೈ ತೊಳೀತಿದ್ರಲ್ಲ, ಅದನ್ನರ ಮಾಡ್ರಿ. ಪಾಪ, ಹುಡುಗಿ ಮುದ್ದೇಬಿಹಾಳದಿಂದ ಬಂದೈತಿ" ಅಂದರು. ಮಾಮಾ ಬಟ್ಟಲು ಬರಿದು ಮಾಡಿ, ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ನಡೆದರು. ನಾನು ಕ್ಯಾಮೆರಾ ಹಿಡಿದು ಹಿಂದೆ ಓಡಿದೆ.

ಕೊಟ್ಟಿಗೆಯಲ್ಲಿ ಈಗ ಟ್ರ್ಯಾಕ್ಟರ್‌ನ ಹಳೆಯ ಟೈರು, ಡೀಸೆಲ್ ಡಬ್ಬಿ. ಅವನ್ನು ಬದಿಗೆ ಸರಿಸಿ, ಮಾಮಾ ಮೊದಲು ಬರಿದಾದ ಮೇವಿನ ಗೋದಲಿಯಲ್ಲಿ ಕೈಯಾಡಿಸಿ ಕಸ ತೆಗೆದರು. ಆಮೇಲೆ ತಂಬಿಗೆಯಲ್ಲಿ ನೀರು ಮೊಗೆದು ಗಾಳಿಯ ಮೇಲೆ ಸುರಿದರು. ಇನ್ನೊಂದು ಕೈ ಗಾಳಿಯಲ್ಲೇ ಮೇಲಿಂದ ಕೆಳಕ್ಕೆ ತಿಕ್ಕುತ್ತಾ ಬಂತು. "ಸರಿ... ಸರಿ ಆಕಡೆ" ಎಂದು ಗದರಿದರು. ಒಂದರ ಹಿಂದೆ ದೂರದಿಂದ ಸುತ್ತು ಹಾಕಿದರು. ಅದು ಒದೆಯುತ್ತಿತ್ತಂತೆ. ಇನ್ನೊಂದರ ಕೊರಳ ಕೆಳಗೆ ಬಾಗಿ ಕೈಯಿಟ್ಟು, ಹಾಗೆಯೇ ನಿಂತರು. ಟೇಪು ಮುಗಿಯುವವರೆಗೂ ನಾನು ಕ್ಯಾಮೆರಾ ಕೆಳಗಿಳಿಸಲಿಲ್ಲ. ಸಂಜೆಯ ಬಸ್ಸಿಗೆ ಕ್ಯಾಮೆರಾ ವಾಪಸಾಯಿತು.

ಆ ದೃಶ್ಯಕ್ಕೆ ಎತ್ತು ಬರೆಯಲು ಮಳೆಗಾಲ ಪೂರ್ತಿ ಬೇಕಾಯಿತು. ಎತ್ತಿಗಿಂತ ನನ್ನನ್ನು ಕಾಡಿದ್ದು ನೀರು. ಮಾಮಾ ಸುರಿದ ನೀರು ನೇರ ನೆಲಕ್ಕೆ ಬಿದ್ದಿತ್ತು. ಅದು ಎತ್ತಿನ ಬೆನ್ನ ಮೇಲೆ ಹರಡಿ, ಹೊಟ್ಟೆಯ ಅಂಚಿನಿಂದ ತೊಟ್ಟಿಕ್ಕಬೇಕಲ್ಲ? ತಂಬಿಗೆಯ ಬಾಯಿಯಿಂದ ಬೆನ್ನಿನವರೆಗೆ ನಿಜವಾದ ನೀರನ್ನೇ ಬಿಟ್ಟು, ಬೆನ್ನಿನಿಂದ ಹೊಟ್ಟೆಯವರೆಗೆ ನಾನೇ ನೀರು ಬರೆದು, ಅಲ್ಲಿಂದ ಕೆಳಗೆ ಮತ್ತೆ ನಿಜವಾದ ನೀರಿಗೆ ಒಪ್ಪಿಸಿದೆ. ಎರಡೂ ಎಲ್ಲಿ ಕೂಡುತ್ತವೆಂದು ಕೊನೆಗೆ ನಾನೇ ಹುಡುಕಬೇಕಾಯಿತು. ಹರಗುವ ದೃಶ್ಯವಿಲ್ಲದೆಯೇ ಚಿತ್ರ ಮುಗಿಯಿತು. ಹುಬ್ಬಳ್ಳಿಯವರು ಎರಡು ಸಲ ನೋಡಿ ಕೆಲಸ ಕೊಟ್ಟರು. ನನ್ನ ವೃತ್ತಿ ಶುರುವಾದದ್ದು ಹೀಗೆ, ಒಂದು ಸೋಮವಾರದ ಹಟದಿಂದ.

ಸಿ.ಡಿ. ಹಿಡಿದು ಮಾಮಾನ ಊರಿಗೆ ಹೋದೆ. ಮಗ ಟಿ.ವಿ.ಗೆ ಪ್ಲೇಯರ್ ಜೋಡಿಸಿದ. ಅತ್ತೆ ಬಾಗಿಲಲ್ಲಿ ನಿಂತರು. ಎತ್ತುಗಳು ಬಂದ ಕೂಡಲೇ ಮಾಮಾ ಮುಂದಕ್ಕೆ ಬಾಗಿದವರು ಮುಗಿಯುವವರೆಗೂ ಹಿಂದೆ ಸರಿಯಲಿಲ್ಲ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವರನ್ನೂ ಕೇಳಿದೆ. "ಎತ್ತ ಖರೇವು ಅನಸ್ತಾವೇನ್ರಿ ಮಾಮಾ?"

"ಎತ್ತ ಖರೇನ ಅದಾವ" ಅಂದರು. ಆಮೇಲೆ ಟಿ.ವಿ.ಯ ಕಡೆ ಕೈ ತೋರಿಸಿ, "ಅವುಗಳ ನಡುವ ನಾ ಒಬ್ಬಾಂವನ ಸುಳ್ಳ ಕಂಡೆ ನೋಡವಾ. ನನ್ನೂ ಬರದ ಬಿಡು" ಅಂದರು.

ಮಗ ರಿಮೋಟ್ ಹಿಡಿದು ನೆಲ ನೋಡುತ್ತಿದ್ದ.  ನಾನು ಬರೆದದ್ದು ನಿಜವಾಗಿ ಇದ್ದಂತೆ ಕಾಣಬೇಕೆಂದು ಅಷ್ಟು ದಿನ ಒದ್ದಾಡಿದ್ದೆ. ಇದ್ದವರು ಬರೆದದ್ದರ ಕಡೆ ಹೋಗಲು ಕೇಳಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹುಬ್ಬಳ್ಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಮಾಮಾನನ್ನೂ ಬರೆದೆ. ಬಾಗಿದ ಬೆನ್ನು, ತಲೆಗೆ ಸುತ್ತಿದ ಪಟಗ, ಕೊರಳ ಕೆಳಗೆ ನಿಂತ ಕೈ. ಆ ಪ್ರತಿಯನ್ನು ಬೇರೆ ಯಾರಿಗೂ ತೋರಿಸಿಲ್ಲ. ಅದರಲ್ಲಿ ಕೊಟ್ಟಿಗೆ ನಿಜ, ನೀರು ಅರ್ಧ ನಿಜ, ಉಳಿದ ಮೂವರೂ ಒಂದೇ ಪೆನ್ನಿನ ಗೆರೆ. ಅವರ ಮನೆಯ ಟಿ.ವಿ.ಯಲ್ಲಿ ಅದನ್ನು ಹಾಕಿದಾಗ ಮಾಮಾ ಗೋಡೆಗೆ ಒರಗಿ, ಕಾಲು ಚಾಚಿ ಕೂತು ನೋಡಿದರು. ಮುಗಿದ ಮೇಲೆ ರಿಮೋಟನ್ನು ನನ್ನ ಕೈಗಿತ್ತರು.

"ಇನ್ನೊಮ್ಮಿ ಹಚ್ಚವಾ" ಅಂದರು.